ಶೂರ್ಪನಖಿಯ ಮೂಗು

“ಸೀತಮ್ಮಗ ನಿಮ್ಮ ಚರ್ಮ, ಶೂರ್ಪನಖಿಗೆ ನಂದೇನ್ರಿ? ದಿನಾ ಊರ ಮುಂದ ಮೂಗು ಕೊಯ್ಸಿಕೊಳ್ಳಾಕ ನಾನೇ ಸಿಕ್ಕೆನೇನು?”

ತೊಗಲುಗೊಂಬೆ ಆಡಿಸುವ ಯಂಕೋಬಣ್ಣ ಹೆಂಡತಿ ಹುಲಿಗೆವ್ವನ ಕಡೆ ತಿರುಗಲಿಲ್ಲ. ಗಾಜಿನ ತೊಟ್ಟಿಯಲ್ಲಿ ಮಲಗಿದ್ದ ಗೊಂಬೆಗಳಿಗೆ ಗ್ಲೂಕೋಸ್ ನೀರು ಹಾಕುತ್ತಿದ್ದ. ಈಗ ಆಡಿನ ತೊಗಲನ್ನು ಯಾರೂ ಹದ ಮಾಡುವುದಿಲ್ಲ. ಮನೆಯವರ ಮೈಯಿಂದ ಚಿಟಿಕೆಯಷ್ಟು ಚರ್ಮ ತೆಗೆದು ಜೀವಂತ ಗೊಂಬೆ ಬೆಳೆಸುತ್ತಾರೆ.

“ನಂಗ ಸಕ್ಕರಿ ಬ್ಯಾನಿ. ನನ್ನ ಚರ್ಮ ಗೀರಿದ್ರ ತಿಂಗಳಾದ್ರೂ ಮಾಯಂಗಿಲ್ಲ. ನಿಂದು ರಾತ್ರಿ ಕೊಯ್ದ್ರ ಮುಂಜಾನಿಗೆ ಕೂಡಿರತೈತಿ. ಕಲೆ ಅಂದ್ರ ಅದು!”

“ಹೌದ್ರಿ, ಕೊಯ್ಯೋದು ನಿಮ್ಮ ಕಲೆ, ಮಾಯೋದು ನನ್ನ ಕೆಲಸ!”

ಹುಲಿಗೆವ್ವ ತೊಟ್ಟಿಗೆ ಕೈ ಹಾಕಿ ಶೂರ್ಪನಖಿಯನ್ನು ಎತ್ತಿದಳು. ತಣ್ಣನೆ ಗಾಳಿ ತಾಗಿ ಗೊಂಬೆಯ ಮೈಮೇಲೆ ಚಳಿಗುಳ್ಳೆ ಎದ್ದವು. ತನ್ನ ಮೂಗುತಿ ಬಿಚ್ಚಿ ಅದರ ಹೊಸ ಮೂಗಿಗೆ ಹಾಕಿ, ಸೆರಗಿನಲ್ಲಿ ಬೆಚ್ಚಗೆ ಸುತ್ತಿಕೊಂಡು ಹೊರಟೇಬಿಟ್ಟಳು.

ಸಂಜೆಯ ಆಟದಲ್ಲಿ ಲಕ್ಷ್ಮಣ ಕತ್ತಿ ಹಿಡಿದು ಬಂದ. ಕೊಯ್ಯಲು ಮೂಗೇ ಇರಲಿಲ್ಲ. ತಂಗಿ ಬಂದು ದೂರು ಹೇಳದ ಕಾರಣ ರಾವಣ ಲಂಕೆಯಿಂದ ಕದಲಲಿಲ್ಲ. ಸೀತೆ ಪರ್ಣಕುಟಿಯಲ್ಲಿ ಸುಖವಾಗಿ ಉಳಿದಳು. ಒಂದೇ ತಾಸಿನಲ್ಲಿ ರಾಮಾಯಣ ಮುಗಿದು, ಜನ ಊಟದ ಹೊತ್ತಿಗೆ ಮನೆ ಸೇರಿದರು.

ಹುಲಿಗೆವ್ವ ಮಾತ್ರ ಮನೆಗೆ ಬರಲಿಲ್ಲ.