ಅವ್ವನ ದನಿ

ಘೋಷಣೆ ಕೂಗಿದವರ ದನಿಯನ್ನು ಸರ್ಕಾರ ಜಪ್ತಿ ಮಾಡಿ, ಶಿಕ್ಷೆ ಮುಗಿಯುವವರೆಗೆ ಬೇಕಾದವರಿಗೆ ಕೊಡುತ್ತಿದ್ದ ಕಾಲವದು. ಗಿರಣಿ ಮುಷ್ಕರದಲ್ಲಿ ಕೂಗಿದ ಗಂಗವ್ವಳ ಕಂಚಿನ ದನಿ, ಮುಷ್ಕರ ಮುರಿದ ಅಧಿಕಾರಿ ಪಟ್ಟಣಶೆಟ್ಟರ ಪಾಲಾಗಿತ್ತು. ತಮ್ಮ ಒಡಕು ದನಿಯನ್ನು ಅವರು ಅಂದೇ ಬಿಸಾಕಿದ್ದರು. ಗಂಗವ್ವಳ ಮಗಳು ಕಸ್ತೂರಿ ಅವ್ವನ ದನಿ ಕೇಳಿ ಬೆಳೆದದ್ದು ಟಿವಿಯಲ್ಲಿ, ಆ ಮನುಷ್ಯನ ಬಾಯಿಂದ.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚಳವಳಿಗಳ ಕುರಿತು ವಿಚಾರ ಸಂಕಿರಣ ಏರ್ಪಡಿಸಲು ಹೊರಟಾಗ, ಪಟ್ಟಣಶೆಟ್ಟರೇ ಉದ್ಘಾಟಿಸಬೇಕೆಂದು ಅವರಲ್ಲೊಬ್ಬಳಾದ ಕಸ್ತೂರಿ ಹಟ ಹಿಡಿದಳು.

"ನಿಮ್ಮವ್ವನ ದನಿ ಕಸ್ಕೊಂಡಾವಗ ಹಾರ ಹಾಕ್ತೀಯೇನ?" ಎಂದು ಗೆಳತಿ ರುದ್ರಮ್ಮ ಸಿಡುಕಿದಳು.

"ಹಾಕ್ತೀನಿ. ಅವ್ವನ ಶಿಕ್ಷಾ ಮುಗಿಯೂ ದಿನಾನ ಕರಿಯೂಣು."

ಶಿಕ್ಷೆ ಮುಗಿಯುವ ದಿನ ಅದೇ ಎಂಬುದು ಪಟ್ಟಣಶೆಟ್ಟರಿಗೆ ನೆನಪೇ ಇರಲಿಲ್ಲ; ಒಪ್ಪಿ ಬಂದರು. ಕಸ್ತೂರಿ ಅವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿದಳು.

"ನಾನು ಯಾವ ಕಾರ್ಮಿಕರ ಮೇಲೂ ಕೈ..." ಎನ್ನುತ್ತಿದ್ದಂತೆ ಅವರ ಮಾತು ನಿಂತಿತು. ನೀರು ಕುಡಿದರು, ಮೈಕು ತಟ್ಟಿದರು. ಬಾಯಿ ಆಡಿತೇ ಹೊರತು ಸದ್ದು ಹೊರಡಲಿಲ್ಲ. ವಿಷಯ ಹೊಳೆದದ್ದೇ ಮುಖ ಬಿಳಿಚಿಕೊಂಡು, ವೇದಿಕೆ ಇಳಿದು ಬಾಗಿಲತ್ತ ಧಾವಿಸಿದರು. ಕಸ್ತೂರಿ ನಗುತ್ತಲೇ ಅಗಳಿ ಹಾಕಿ, ಅಡ್ಡ ನಿಂತಳು.

ಗಂಗವ್ವ ಕೆಮ್ಮಿ, ಎದ್ದು ನಿಂತಳು. ಸಭಾಂಗಣ ನಡುಗುವಂಥ ದನಿಯಲ್ಲಿ ಹೇಳಿದಳು:

"ಕುಂದರ್ರಿ ಸಾಹೇಬ್ರ. ಯಾರ ಮ್ಯಾಲ ಕೈ ಮಾಡಿದ್ರಿ ಅಂತ ನಾ ಹೇಳ್ತೀನಿ."