ಐದನೆಯ ಅಣ್ಣ

ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಕಾರ್ಡಿನ ಮೇಲೆ ಮೊಮ್ಮಗಳ ಪೆನ್ನು ನಿಂತೇಬಿಟ್ಟಿತು. ಕಾರ್ಡಿನ ಅಂಗಡಿಯಲ್ಲಿ ಊರವರಿಗೆಲ್ಲ ಶುಭಾಶಯ ಬರೆದುಕೊಡುವವಳು ಅವಳು. ಆದರೆ ಬೆಳಿಗ್ಗೆಯಷ್ಟೇ ಅಜ್ಜಿ, "ನೀನು ಯಾರ ಮಗಳಮ್ಮ?" ಎಂದು ಕೇಳಿದ್ದಳು.

ಕೊನೆಗೆ ಶುಭಾಶಯ ಬಿಟ್ಟು, ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ ಕಥೆಯನ್ನೇ ಬರೆದಳು: 'ಒಬ್ಬಳು ರಾಜಕುಮಾರಿ. ಅವಳಿಗೆ ನಾಲ್ಕು ಜನ ಅಣ್ಣಂದಿರು. ಒಬ್ಬೊಬ್ಬನೂ ಒಂದೊಂದು ಉಡುಗೊರೆ ತಂದ.' ಬರೆದು ಅಜ್ಜಿಯ ಕೈಗಿಟ್ಟಳು.

ಅಜ್ಜಿ ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಾಡಿಸುತ್ತ ಓದಿದಳು. ಬೆರಳು ತಟ್ಟನೆ ನಿಂತಿತು.

"ನಾಲ್ಕಲ್ಲ ಕಣೇ, ಐದು!"

"ಇಲ್ಲಜ್ಜಿ, ನಾಲ್ಕೇ. ನೀನೇ ಹೇಳ್ತಿದ್ದೆ."

"ಹೇಳ್ತಿದ್ದೆ, ಹೇಳ್ತಿದ್ದೆ! ಐದನೆಯವನು ಬರೋ ಹೊತ್ತಿಗೆ ನೀನೆಲ್ಲಿ ಎಚ್ಚರ ಇರ್ತಿದ್ದೆ, ನಿದ್ದೆಬುರುಕಿ!"