ಮಗು ಒಂದು

ಲೋರ್ನಾ ತೊಟ್ಟಿಲಿನ ಸುತ್ತ ನಾಲ್ಕು ಕಂಬ ನಿಲ್ಲಿಸಿ ಬೂದು ಹಗ್ಗ ಕಟ್ಟಿದಳು. ಏಣಿಯ ಮೇಲೆ ನಿಂತು ತನ್ನ ಕಲಾಕೃತಿಯ ಕೊನೆಯ ನ್ಯಾಪಿಗೆ ಕ್ಲಿಪ್ ಹಾಕುತ್ತಿದ್ದ ಬ್ರೈಡಿ ಕೆಳಗಿಳಿಯುವಷ್ಟರಲ್ಲಿ ತೊಟ್ಟಿಲಲ್ಲಿದ್ದ ಆರು ತಿಂಗಳ ನೆಲ್ ಹಗ್ಗದ ಒಳಗಿದ್ದಳು, ತಾಯಿ ಹೊರಗೆ.

"ಲೋರ್ನಾ, ಸ್ವಲ್ಪ ಸರೀರಿ. ಮಗೂಗೆ ಹಾಲಿನ ಹೊತ್ತಾಯ್ತು."

"ಮುಟ್ಟಬೇಡ!" ಲೋರ್ನಾ ಬಿಳಿ ಕೈಗವಸು ಎಳೆದುಕೊಂಡಳು. ಮೆಲ್ಬರ್ನಿನ ಆ ಗ್ಯಾಲರಿಗೆ ಬರುವ ಪ್ರತಿ ಕೃತಿಯೂ ಇಪ್ಪತ್ತೆರಡು ವರ್ಷಗಳಿಂದ ಅವಳ ಸುಪರ್ದಿಯಲ್ಲೇ ಇರುತ್ತಿತ್ತು. "ಪಟ್ಟಿ ನೋಡು. ನಿನ್ನದೇ ಅಕ್ಷರ."

ಬ್ರೈಡಿ ನೋಡಿದಳು. 'ಕೃತಿಯ ಭಾಗಗಳು: ಮರದ ತೊಟ್ಟಿಲು ಒಂದು. ಬಟ್ಟೆಯ ನ್ಯಾಪಿ ನಲವತ್ತು. ಮಗು ಒಂದು.' ಒಂದು ಕೈಯಲ್ಲಿ ನೆಲ್‌ಳನ್ನು ಹಿಡಿದು ಇನ್ನೊಂದರಲ್ಲಿ ಗೀಚಿದ್ದು.

"ಅಯ್ಯೋ, ಅದು ತಮಾಷೆಗೆ ಬರ್ದಿದ್ದು!"

"ತಮಾಷೆಗೆ ಅಂತ ಫಾರಂನಲ್ಲಿ ಜಾಗ ಇಲ್ಲ ಕಣೇ. ಪ್ರದರ್ಶನ ಮುಗಿಯೋದು ಮೇ ಹನ್ನೊಂದಕ್ಕೆ. ಅಲ್ಲೀವರೆಗೂ ಅದು ನಮ್ಮ ವಶ."

"ಅವಳು ನನ್ನ ಮಗಳು!"

"ಹೂಂ, ಪ್ರದರ್ಶನದ ವಿಷಯಾನೂ ಅದೇ ಅಲ್ವಾ?" ಲೋರ್ನಾ ಗೋಡೆ ತೋರಿಸಿದಳು. ಅಲ್ಲಿ ಆಳೆತ್ತರದ ಅಕ್ಷರಗಳಿದ್ದವು: 'ತಾಯಿಯೂ ಕಲಾವಿದೆ.'

ನೆಲ್ ಕಿರುಚಿ ಅಳತೊಡಗಿದಳು. "ಧ್ವನೀನೂ ಸೇರ್ಸಿದಾರೆ," ಎಂದು ಆಗಷ್ಟೇ ಒಳಬಂದ ಹೆಂಗಸೊಬ್ಬಳು ಗೆಳತಿಯ ಕಿವಿಯಲ್ಲಿ ಉಸುರಿದಳು. ಬ್ರೈಡಿಯ ಅಂಗಿಯ ಮೇಲೆ ಎರಡು ಒದ್ದೆ ವೃತ್ತಗಳು ಮೂಡಿದವು.

ಲೋರ್ನಾ ಅವನ್ನೇ ನೋಡಿದಳು. "ದ್ರವ ಪದಾರ್ಥ ಒಳಗೆ ತರೋ ಹಾಗಿಲ್ಲ."

"ಯಾವ ಕೃತೀನೂ ಮಧ್ಯದಲ್ಲಿ ವಾಪಸ್ ಕೊಡೋದೇ ಇಲ್ವಾ ನೀವು?"

"ಹಾನಿ ಆಗಿದ್ರೆ ಮಾತ್ರ. ಅವತ್ತೇ ಕಲಾವಿದೆಗೆ ವಾಪಸ್."

"ಹಾಗಾದ್ರೆ ಪರೀಕ್ಷೆ ಮಾಡಿ!"

ಕೃತಿ ಒಪ್ಪಿಸಿಕೊಂಡಾಗ ಅದರ ಸ್ಥಿತಿ ಬರೆದಿಟ್ಟಿದ್ದ ಬೆಳಗಿನ ವರದಿಯನ್ನು ಲೋರ್ನಾ ತೆಗೆದಳು. ಕೂದಲು, ಸರಿ. ಉಗುರು, ಹತ್ತು ಹತ್ತು ಇಪ್ಪತ್ತು, ಸರಿ. ಅಳುವ ಬಾಯಿಯೊಳಗೆ ಟಾರ್ಚಿನ ಬೆಳಕು ಬಿಟ್ಟು, ಬಿಳಿ ಬೆರಳಿನಿಂದ ಕೆಳಗಿನ ಒಸಡು ಸವರಿದವಳು ಅಲ್ಲೇ ನಿಂತಳು.

"ಬೆಳಿಗ್ಗೆ ಇದು ಇರ್ಲಿಲ್ಲ."

"ಏನು?"

"ಹಲ್ಲು."

ಬ್ರೈಡಿ ಹಗ್ಗದ ಮೇಲಿಂದ ಬಗ್ಗಿದಳು. ಮಗಳ ಮೊದಲ ಹಲ್ಲನ್ನು ಅವಳಿಗಿಂತ ಮೊದಲು ಗ್ಯಾಲರಿಯ ಟಾರ್ಚ್ ನೋಡಿಬಿಟ್ಟಿತ್ತು.

ಲೋರ್ನಾ ಬರೆದಳು: 'ಹಾನಿ: ಹಲ್ಲು ಒಂದು. ಕೃತಿಯನ್ನು ಮೊದಲಿನ ಸ್ಥಿತಿಗೆ ತರಲಾಗದು.' ಆಮೇಲೆ ಹಗ್ಗ ಬಿಚ್ಚಿ, ಮಗುವನ್ನು ಎರಡೂ ಕೈಗಳಲ್ಲಿ ಹೂದಾನಿಯಂತೆ ಎತ್ತಿ ಕೊಟ್ಟಳು. "ಸಹಿ ಹಾಕು. ಹಾಲು ಗೀಲು ನಾನು ನೋಡ್ಲಿಲ್ಲ." ಗೋಡೆಯ ಕಡೆ ತಿರುಗಿ ನಿಂತಳು.

ಬ್ರೈಡಿ ಏಣಿಯ ಮೆಟ್ಟಿಲ ಮೇಲೆ ಕುಳಿತು ಹಾಲೂಡಿಸಿದಳು. ಹೊಸ ಹಲ್ಲು ಕಚ್ಚಿತು. ಅವಳು ಖಾಲಿಯಿದ್ದ ಕೈಯಿಂದ ಸಹಿ ಹಾಕಿ, 'ಮೊದಲಿನ ಸ್ಥಿತಿಗೆ ತರಲಾಗದು' ಎಂಬ ಲೋರ್ನಾಳ ಸಾಲಿನ ಕೆಳಗೆ ಒಂದೇ ಪದ ಸೇರಿಸಿದಳು:

'ಕಲಾವಿದೆಯನ್ನೂ.'